ಮಗಳ ಹೆಗಲಿಗೊಂದು ಚೀಲ

ನಮ್ಮ ಬಾಳೆಹೊಸೂರಿನಲ್ಲಿ ಚೀಲಗಳಿಗೆ ಬರವಿಲ್ಲ. ಉಳ್ಳಾಗಡ್ಡಿ ಚೀಲ, ಶೇಂಗಾದ ಚೀಲ, ಸಂತೆಯ ಕೈಚೀಲ, ಜಂಗಮರ ಜೋಳಿಗೆ, ಮಕ್ಕಳ ಪಾಟೀಚೀಲ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ನನಗೆ ಈ ಕೊನೆಯದರ ಪರಿಚಯವೇ ಹೆಚ್ಚು. ಆದರೆ ಹೋದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದಾಗ, ಹುಟ್ಟಿದಾಗಿನಿಂದ ಕಂಡಿರದ ಚೀಲವೊಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

“ಅವ್ವಾ, ನಾಳೆ ನನ್ನ ಜೋಡಿ ಅಂಗಡಿಗೆ ಬಾ. ಗಾಲ್ಫಿನ ಚೀಲ ತಗೋಬೇಕು” ಅಂದಳು.

“ಅದು ಸಾಹುಕಾರರ ಆಟ ಅಲ್ಲೇನವಾ? ನಿನಗ್ಯಾಕ ಬೇಕಿತ್ತು?”

“ಡಾಕ್ಟರು ದಿನಾ ನಡೀರಿ ಅಂದಾರ ಬೇ. ಬರೇ ನಡಿಯಾಕ ಬ್ಯಾಸರ. ಚೆಂಡಿನ ಹಿಂದ ಆದ್ರ ನಡೀತೀನಿ.”

ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಅವಳಿಗೆ ಕುತ್ತಿಗೆ, ಹೆಗಲ ನೋವು. ಆಫೀಸಿನ ಗೆಳತಿಯೊಬ್ಬಳು ಗಾಲ್ಫ್ ಕಲಿಯುವ ಮೈದಾನಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಅಲ್ಲಿಂದ ರುಚಿ ಹತ್ತಿತು. ಡಾಕ್ಟರನ್ನು ಕೇಳಿದ್ದಕ್ಕೆ, ಆಡಿ, ಆದರೆ ಒಂದೇ ಹೆಗಲಿಗೆ ಭಾರ ನೇತುಹಾಕಬೇಡಿ ಎಂದರಂತೆ. ಗೆಳತಿ ಕೊಟ್ಟ ಹಳೆಯ ಚೀಲಕ್ಕೆ ಇದ್ದದ್ದು ಒಂದೇ ಪಟ್ಟಿ. ಹೀಗಾಗಿ ಹೊಸ ಚೀಲದ ಹುಡುಕಾಟ.

ಗಾಲ್ಫ್ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದೇ 1876ರಲ್ಲಿ. ಹದಿನೆಂಟು ಕುಳಿಗಳ ಪೂರ್ಣ ಆಟವೆಂದರೆ ಏಳೆಂಟು ಕಿಲೋಮೀಟರ್ ನಡಿಗೆ. ಒಬ್ಬ ಆಟಗಾರ ಹೆಚ್ಚೆಂದರೆ ಹದಿನಾಲ್ಕು ಕೋಲು ಇಟ್ಟುಕೊಳ್ಳಬಹುದು. ಅವನ್ನು ಹೊತ್ತು ಜೊತೆಗೆ ನಡೆಯುವವರಿಗೆ ಕ್ಯಾಡಿ ಎನ್ನುತ್ತಾರೆ. ಚೀಲ ಬಳಕೆಗೆ ಬರುವ ಮೊದಲು ಆ ಪಾಪದವರು ಕೋಲುಗಳನ್ನೆಲ್ಲ ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದರಂತೆ.

ಕ್ಯಾಡಿ ಎಂದೊಡನೆ ನನಗೆ 2021ರ ಆಗಸ್ಟ್ ನೆನಪಾಯಿತು. ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಕಂಚಿನ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಳಲ್ಲ, ಆಗ ಅವಳ ಚೀಲ ಹೊತ್ತು ಬಿಸಿಲಿನಲ್ಲಿ ನಡೆದವರು ಅವಳ ತಾಯಿ ಮಹೇಶ್ವರಿ. ಆಟದ ನಿಯಮ ಒಂದೂ ತಿಳಿಯದಿದ್ದರೂ ಟೀವಿಯಲ್ಲಿ ನಾನು ಮಗಳಿಗಿಂತ ಆ ತಾಯಿಯನ್ನೇ ನೋಡಿದ್ದೆ.

“ನಿನ್ನ ಚೀಲಾನ ನಾನೂ ಹೊರತೀನಿ ನಡಿ” ಎಂದೆ.

ಅವಳು ನಕ್ಕಳು. “ಉತ್ತರಪತ್ರಿಕಿ ಹೊತ್ತು ಹೊತ್ತು ನಿನ್ನ ರಟ್ಟಿ ಮ್ಯಾಲೆತ್ತಾಕ ಬರೂದಿಲ್ಲ. ನನ್ನ ಚೀಲ ನಾನ ಹೊರತೀನಿ. ನೀ ಆರಿಸಿ ಕೊಡು ಸಾಕು.”

ಅಂಗಡಿಯಲ್ಲಿ ಚೀಲಗಳು ಮದುವೆಯ ಬೀಗರಂತೆ ಸಾಲಾಗಿ ನಿಂತಿದ್ದವು. ಒಂದಂತೂ ನಮ್ಮ ಮನೆಯ ಜೋಳದ ಕಣಜದ ಹಾಗಿತ್ತು. ದೊಡ್ಡ ಆಟಗಾರರು ಬಳಸುವ ಅಂಥದ್ದು ಬರಿದೇ ನಾಲ್ಕೈದು ಕಿಲೋ ತೂಗುತ್ತದೆ. ಗಾಡಿಗೆ ಕಟ್ಟುವ ಚೀಲ ಮೂರು ಕಿಲೋದ ಆಸುಪಾಸು. ಹೆಗಲಿಗೇರಿಸಿ ನಡೆಯುವವರಿಗೆಂದೇ ಮಾಡಿದ, ಎರಡು ಕಾಲಿನ ಚೀಲ ಎರಡು, ಎರಡೂವರೆ ಕಿಲೋ. ಅದಕ್ಕೂ ಹಗುರಾದವು ಒಂದೂವರೆ ಕಿಲೋ ಆಚೀಚೆ. ಅವಕ್ಕೆ ಕಿಸೆ ಕಡಿಮೆ, ಬಟ್ಟೆ ತೆಳುವು.

ಮಗಳ ಕಣ್ಣು ಹೋದದ್ದು ಹತ್ತು ಕಿಸೆಯ ಚೆಂದದ ಚೀಲದ ಮೇಲೆ. ನನ್ನೊಳಗಿನ ಟೀಚರು ಎಚ್ಚರಾದಳು. ಪರ್ಸಿನಿಂದ ಪೆನ್ನು ತೆಗೆದು ಅಂಗಡಿಯ ಚೀಟಿಯ ಹಿಂದೆ ಲೆಕ್ಕ ಬರೆದೆ. ಹದಿನಾಲ್ಕು ಕೋಲಿಗೆ ಐದೂವರೆ ಕಿಲೋ, ಚೀಲಕ್ಕೆ ಎರಡೂವರೆ, ನೀರು ಒಂದು ಲೀಟರು, ಮೇಲೆ ಚೆಂಡು, ಛತ್ರಿ, ಟವೆಲು. ಒಂಬತ್ತು ಕಿಲೋ ದಾಟಿತು. ಮಗಳ ತೂಕ ಐವತ್ನಾಲ್ಕು.

2019ರ ಮೇ ತಿಂಗಳಲ್ಲಿ ನಮ್ಮ ಶಿಕ್ಷಣ ಇಲಾಖೆ ಒಂದು ಆದೇಶ ಹೊರಡಿಸಿತು. ಮಗುವಿನ ಚೀಲ ಅದರ ಮೈತೂಕದ ಹತ್ತರಲ್ಲೊಂದು ಭಾಗವನ್ನು ಮೀರಬಾರದು. ಒಂದು, ಎರಡನೆಯ ತರಗತಿಗೆ ಎರಡು ಕಿಲೋ ಒಳಗೆ, ಒಂಬತ್ತು, ಹತ್ತಕ್ಕೆ ಐದು ಕಿಲೋ ಒಳಗೆ. ಈ ಮಾತನ್ನು ಮೈಸೂರಿನ ಆರ್. ಕೆ. ನಾರಾಯಣ್ ಹಿಂದೆಯೇ ಎತ್ತಿದ್ದರು. 1989ರಲ್ಲಿ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲಿ ಆ ಕಥೆಗಾರರು ಮಕ್ಕಳ ಬೆನ್ನಿನ ಹೊರೆಯ ಬಗ್ಗೆಯೇ ಮಾತಾಡಿದ್ದರು. ಮುಂದೆ 1993ರಲ್ಲಿ ಯಶಪಾಲ್ ಸಮಿತಿಯ ವರದಿ ಬಂತು. ಆದೇಶ ಬಂದ ವರ್ಷ ನಾವು ಶಾಲೆಯಲ್ಲಿ ತಕ್ಕಡಿ ಇಟ್ಟು ಎಲ್ಲರ ಚೀಲ ತೂಗಿದೆವು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಚೀಲ ನಾಲ್ಕೂವರೆ ಕಿಲೋ ಬಂತು. ಬಿಚ್ಚಿ ನೋಡಿದರೆ ಒಳಗೆ ತಮ್ಮನ ಪುಸ್ತಕಗಳೂ ಇದ್ದವು.

ಗಾಲ್ಫಿಗೆ ಇಲಾಖೆಯ ಆದೇಶವಿಲ್ಲ, ನಿಜ. ಆದರೆ ನೋಯುವ ಹೆಗಲಿಗೆ ವಯಸ್ಸು ಯಾವುದಾದರೇನು?

“ಹದಿನಾಲ್ಕೂ ಕೋಲು ಬೇಕ ಅಂತ ಯಾರು ಹೇಳ್ಯಾರ?” ಎಂದು ಕೇಳಿದೆ.

ಅಂಗಡಿಯ ಹುಡುಗ ನಗುತ್ತ, “ಅಮ್ಮಾ, ಕಲಿಯೋರಿಗೆ ಏಳು ಸಾಕು. ಹದಿನಾಲ್ಕು ಅನ್ನೋದು ಮಿತಿ, ಕಡ್ಡಾಯ ಅಲ್ಲ” ಎಂದ. ಜಾಣ ಹುಡುಗ. ಮತ್ತೆ ಲೆಕ್ಕ ಹಾಕಿದೆ. ಏಳು ಕೋಲಿಗೆ ಮೂರು ಕಿಲೋ ಒಳಗೆ, ಹಗುರ ಚೀಲ ಒಂದೂವರೆ, ಅರ್ಧ ಲೀಟರು ನೀರು, ಆರು ಚೆಂಡು. ಚೆಂಡೊಂದು ಸುಮಾರು ನಲವತ್ತಾರು ಗ್ರಾಮು. ಒಟ್ಟು ಐದು ಕಿಲೋ ಚಿಲ್ಲರೆ. ಹತ್ತರಲ್ಲೊಂದು ಭಾಗಕ್ಕೆ ಸರಿಯಾಗಿ ಕೂತಿತು. ಚೀಲ ಹಗುರಾಗಿದ್ದರಷ್ಟೇ ಹೊರೆ ಹಗುರಾಗುವುದಿಲ್ಲ. ಕಿಸೆ ಇದ್ದಷ್ಟೂ ನಾವು ತುಂಬುತ್ತೇವೆ.

ಬರಿದೇ ಎತ್ತಿ ನೋಡಿದರೆ ಎಲ್ಲ ಚೀಲವೂ ಹಗುರವೇ. ಅದಕ್ಕೇ ಕೋಲು ತುಂಬಿಸಿ, ನೀರಿನ ಬಾಟಲಿ ಇರಿಸಿ ಅಂಗಡಿಯೊಳಗೇ ನಡೆಯಲು ಹೇಳಿದೆ. ಪಟ್ಟಿ ಎರಡಿರಬೇಕು, ಅಗಲವಾಗಿರಬೇಕು, ಮೆತ್ತಗಿರಬೇಕು. ಸೊಂಟಕ್ಕೆ ತಾಗುವಲ್ಲಿ ಮೆತ್ತೆ ಇರಬೇಕು. ನಮ್ಮವ್ವ ಬುತ್ತಿಯ ಬುಟ್ಟಿ ಹೊತ್ತು ಎರೆಹೊಲಕ್ಕೆ ನಡೆಯುವಾಗ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದಳಲ್ಲ, ಅದೇ ಕೆಲಸ. ಬುಟ್ಟಿ ಕೈಬಿಟ್ಟು ನಡೆದರೂ ಅಲುಗುತ್ತಿರಲಿಲ್ಲ. ಚೀಲವೂ ಹಾಗೆ. ಹೆಗಲಿಗೇರಿದ ಮೇಲೆ ಮುಂದಕ್ಕೂ ಜಗ್ಗಬಾರದು, ಹಿಂದಕ್ಕೂ ಜೋಲಬಾರದು. ಒಂದು ಚೀಲ ನಡೆದಂತೆಲ್ಲ ಹಿಂಬದಿಗೆ ಬಡಿಯಿತು, ಬೇಡವೆಂದೆವು. ಇನ್ನೊಂದರ ಕಾಲು ನೆಲಕ್ಕಿಟ್ಟರೆ ಸಲೀಸಾಗಿ ಬಿಚ್ಚಿಕೊಳ್ಳಲಿಲ್ಲ. ಪ್ರತಿ ಹೊಡೆತಕ್ಕೂ ಇಳಿಸಿ ಏರಿಸುವ ಚೀಲ ಅದು. ಇಳಿಸಿದಾಗ ತಾನೇ ನಿಲ್ಲಬೇಕು, ಬಗ್ಗಿ ಎತ್ತುವಂತಿರಬಾರದು.

ಮೂರನೆಯದನ್ನು ಹೊತ್ತು ಅವಳು ಕನ್ನಡಿಯ ಮುಂದೆ ನಿಂತಳು. ಆಗ ಕಂಡೆ. ಎಡ ಹೆಗಲು ತುಸು ಕೆಳಗಿತ್ತು.

ಹೈಸ್ಕೂಲಿಗೆ ಅವಳು ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಟೀಚರ ಮಗಳು ಪುಸ್ತಕ ಮರೆತಳು ಎಂದು ಯಾರೂ ಅನ್ನಬಾರದೆಂದು ವೇಳಾಪಟ್ಟಿ ನೋಡದೆ ಎಲ್ಲವನ್ನೂ ತುಂಬಿ ಕಳಿಸುತ್ತಿದ್ದವಳು ನಾನೇ. ಒಂದು ಪಟ್ಟಿ ಹರಿದಾಗ, ಪರೀಕ್ಷೆ ಮುಗಿಯಲಿ, ಹೊಸದು ಕೊಡಿಸೋಣವೆಂದೆ. ಒಂದೇ ಪಟ್ಟಿಯಲ್ಲಿ ಆ ವರ್ಷ ಕಳೆಯಿತು. ಈಗಿನ ನೋವು ಕುರ್ಚಿಯದೆಂದು ಡಾಕ್ಟರು ಹೇಳಿದ್ದಾರೆ. ಆದರೂ ತಾಯಿಯ ಮನಸ್ಸು ಡಾಕ್ಟರ ಮಾತಿಗೆ ಪೂರ್ತಿ ಒಪ್ಪುವುದಿಲ್ಲ. ಊರ ಮಕ್ಕಳ ಚೀಲ ತೂಗಿದ ನಾನು ಇವಳದನ್ನು ಒಮ್ಮೆಯೂ ತೂಗಿರಲಿಲ್ಲ.

“ಆ ಹರಕ ಪಾಟೀಚೀಲ ನೆನಪೈತೇನವಾ?” ಎಂದೆ. ದನಿ ನಡುಗಿತು.

“ಐತಿ. ಅದರಾಗ ನೀ ಕಟ್ಟಿದ ರೊಟ್ಟಿನೂ ಇರತಿತ್ತು. ಈಗ ಅದ್ಯಾಕ? ಪಟ್ಟಿ ಜಗ್ಗಿ ಸಮ ಮಾಡು” ಎಂದು ಬೆನ್ನು ತಿರುಗಿಸಿದಳು.

ಪಟ್ಟಿಗಳನ್ನು ಜಗ್ಗಿ ಎರಡೂ ಹೆಗಲಿಗೆ ಸಮ ಮಾಡಿದೆ. ಆ ಚೀಲವನ್ನೇ ಕೊಂಡೆವು. ಹಣ ಅವಳೇ ಕೊಟ್ಟಳು.

ಭಾನುವಾರ ನಸುಕಿನಲ್ಲಿ ಅವಳ ಜೊತೆ ನಾನೂ ಮೈದಾನಕ್ಕೆ ಹೋದೆ. ಚೀಲ ಮುಟ್ಟಗೊಡಲಿಲ್ಲ. ಬಹಳ ಕಾಡಿದ ಮೇಲೆ ನೀರಿನ ಬಾಟಲಿ ತೆಗೆದು ನನ್ನ ಕೈಗಿತ್ತಳು. ಅರ್ಧ ಕಿಲೋ. ಅಷ್ಟನ್ನೇ ಹೊತ್ತು ಅವಳ ಹಿಂದೆ ನಡೆದೆ.

ಜೂನಿನಲ್ಲಿ ಶಾಲೆ ತೆರೆಯಿತು. ಮೊದಲ ದಿನ ಗೇಟಿನಲ್ಲಿ ನಿಂತಿದ್ದೆ. ಒಬ್ಬ ಹುಡುಗಿ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಓಡಿ ಬಂದಳು. ಕರೆದು ನೋಡಿದರೆ ಇನ್ನೊಂದು ಪಟ್ಟಿ ಹರಿದಿತ್ತು. ಗಂಟೆ ಬಾರಿಸಿದರೂ ಅವಳನ್ನು ಬಿಡಲಿಲ್ಲ. ಸ್ಟಾಫ್‌ ರೂಮಿಗೆ ಕರೆದೊಯ್ದು, ಸೂಜಿಗೆ ದಪ್ಪ ದಾರ ಪೋಣಿಸಿ, ಅಂದೇ ಹೊಲಿದುಕೊಟ್ಟೆ.