ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಮನಸ್ಸಿಗೇನಾಗುತ್ತೆ?

ನಮ್ಮ ಗುಂಜಹಳ್ಳಿ ಕಡೆ ಯಾರಿಗಾದರೂ ಎದೆನೋವು ಬಂದರೆ ಮೊದಲು ರಾಯಚೂರು, ಹೆಚ್ಚಾದರೆ ಕಲಬುರಗಿಯ ಜಯದೇವ ಇಲ್ಲವೇ ಹೈದರಾಬಾದ್. ಎಲ್ಲಿಗೆ ಹೋಗಬೇಕು, ಯಾವ ಕಾರ್ಡ್ ತೋರಿಸಬೇಕು ಅನ್ನೋದು ಊರವರಿಗೆ ಗೊತ್ತು. ವಾಪಸ್ ಬಂದ ಮೇಲಿನ ದಿನಗಳ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ.

ನಮ್ಮ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದರು. ಊರಲ್ಲಿ ಅದಕ್ಕೆ ಸ್ಪ್ರಿಂಗ್ ಅಂತಾರೆ. ಮೂರನೇ ದಿನ ನಡೆದುಕೊಂಡೇ ಮನೆಯೊಳಗೆ ಬಂದರು. ಡಿಸ್ಚಾರ್ಜ್ ಕಾಗದದಲ್ಲಿ ಗುಳಿಗೆ, ಉಪ್ಪು, ಎಣ್ಣೆ, ಬೀಡಿ ಎಲ್ಲದರ ಬಗ್ಗೆ ಬರೆದಿತ್ತು. ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹದಿನೈದು ದಿನ ಕಳೆಯೋದರೊಳಗೆ ಅವರು ನಡುರಾತ್ರಿ ಎದ್ದು ಕೂತು ನಾಡಿ ಹಿಡಿದು ನೋಡಿಕೊಳ್ಳತೊಡಗಿದರು. ಸ್ವಲ್ಪ ಚುಳುಕ್ ಅಂದರೂ "ಸ್ಪ್ರಿಂಗ್ ಸರದೈತೇನ್ ನೋಡ್ರಪಾ" ಅನ್ನೋರು. (ಅದು ರಕ್ತನಾಳದ ಗೋಡೆಗೆ ಒತ್ತಿ ಕೂತಿರುತ್ತೆ, ಬಗ್ಗಿದರೆ, ಕೆಮ್ಮಿದರೆ ಸರಿಯೋದಿಲ್ಲ.) ಹತ್ತಿ ಬಿಡಿಸೋ ಹೊತ್ತಲ್ಲಿ ರೇಟ್ ಎಷ್ಟು ಅಂತ ಕೇಳದ ದೊಡ್ಡಪ್ಪನನ್ನು ನಾವು ನೋಡಿದ್ದು ಅದೇ ಮೊದಲು.

ಇದರಲ್ಲಿ ಊರಿನ ಪಾಲೂ ಇದೆ. ಮಾತಾಡಿಸೋಕೆ ಬಂದವರು ಬಾಳೆಹಣ್ಣಿನ ಜೊತೆ ಒಂದು ಸಾವಿನ ಕಥೆಯನ್ನೂ ತರುತ್ತಾರೆ. "ಮಾನ್ವಿಯೊಳಗ ಒಬ್ಬಾತಗ ಹಿಂಗ ಹಾಕಿದ್ರು, ಆರು ತಿಂಗಳಿಗೆ..." ಮನೆಯವರು ಕೊಡ ಎತ್ತಬೇಡ, ಹೊಲಕ್ಕೆ ಬರಬೇಡ, ಸುಮ್ಮನೆ ಕೂತ್ಕೋ ಅಂತಾರೆ. ಪ್ರೀತಿಯಿಂದಲೇ ಅನ್ನೋದು. ಆದರೆ ನಲವತ್ತು ವರ್ಷ ದುಡಿದ ಮನುಷ್ಯನಿಗೆ ಅದು 'ನಿನ್ನ ಕೆಲಸ ಮುಗೀತು' ಅಂತ ಕೇಳಿಸುತ್ತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನೆನಪಿರಬೇಕು, ಗಟ್ಟಿಮುಟ್ಟಾಗಿದ್ದವರೂ ಹೆದರಿ ತಪಾಸಣೆಗೆ ಬೆಂಗಳೂರಿನ ಜಯದೇವದ ಮುಂದೆ ಸಾಲು ನಿಂತಿದ್ದರು. ಹಾಗಿದ್ದ ಮೇಲೆ ನಿಜವಾಗಿ ಎದೆಯೊಳಗೆ ತಂತಿ ಹೋಗಿಬಂದವರಿಗೆ 'ಧೈರ್ಯ ತಗೋ' ಅಂದರೆ ಸಾಕಾ?

ಹೃದಯಾಘಾತ ಆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತೆ. ಮನಸ್ಸು ಕುಸಿದವರು ನಡೆಯೋದು ಬಿಡ್ತಾರೆ, ಬೀಡಿಗೆ ವಾಪಸ್ ಹೋಗ್ತಾರೆ, ಗುಳಿಗೆ ತಪ್ಪಿಸ್ತಾರೆ. ರಕ್ತ ತೆಳು ಮಾಡೋ ಗುಳಿಗೆ ತಪ್ಪಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ, ಹೃದಯಾಘಾತದ ನಂತರದ ಖಿನ್ನತೆಯನ್ನು ಅಪಾಯದ ಅಂಶ ಅಂತಲೇ ಎಣಿಸಬೇಕು ಎಂದಿತು.

ಡಾಕ್ಟರುಗಳು ಮೊದಲು ಕೇಳೋದು ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದೆಯಾ? ಬೇಜಾರು, ಹತಾಶೆ ಕಾಡಿದೆಯಾ? ಹೆಚ್ಚಿನ ದಿನ ಹೌದು ಅಂದರೆ ತೋರಿಸಲೇಬೇಕು. ಮನೆಯಲ್ಲೂ ಕೇಳಬಹುದು, ಆದರೆ ನಾಲ್ಕು ಜನರ ಮುಂದೆ ಬೇಡ.

14416 ಟೆಲಿ ಮಾನಸ್ ನಂಬರ್. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು; ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆ ಅಂತ ಹೇಳಲೇಬೇಕಿಲ್ಲ. ದೊಡ್ಡಪ್ಪ ಅಂದದ್ದು "ನಿದ್ದಿ ಬರವಲ್ದ್ರೀ" ಅಂತಷ್ಟೇ. ಅಲ್ಲಿಂದ ಮಾತು ಬೆಳೀತು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ವಿಚಾರಿಸಿ ಹೋಗಿ. ಹೋಗುವಾಗ ಹೃದಯದ ಗುಳಿಗೆಗಳ ಚೀಟಿ ಜೊತೆಗಿರಲಿ. ಮನಸ್ಸಿನ ಕೆಲವು ಗುಳಿಗೆಗಳು ರಕ್ತ ತೆಳು ಮಾಡುವವುಗಳ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಾಗಬಹುದು, ಡಾಕ್ಟರ್ ನೋಡಿ ಕೊಡ್ತಾರೆ. ಯಾರಾದರೂ ಬದುಕೋದೇ ಬೇಡ ಅಂದರೆ ಮಂಗಳವಾರಕ್ಕೆ ಕಾಯಬೇಡಿ, ಒಂಟಿಯಾಗಿಯೂ ಬಿಡಬೇಡಿ.

ಇನ್ನೊಂದು: ಎದೆ ಹಿಂಡಿದಂಗಾಗಿ, ಬೆವರು ಬಂದು, ಉಸಿರು ಕಟ್ಟಿದರೆ 'ಭಯಕ್ಕೆ ಹಿಂಗಾಗ್ತದ' ಅಂತ ಮನೆಯಲ್ಲಿ ಕೂರಬೇಡಿ. ಮೊದಲು 108.