ಅಜ್ಜನ ಗಡಿಯಾರದ ಬೆನ್ನು

ಹುಬ್ಬಳ್ಳಿಯ ದುರ್ಗದ ಬೈಲಿನ ಗದ್ದಲ ನಿಮ್ಮ ಬೆನ್ನ ಹಿಂದೆಯೇ ಇದೆ. ನೀವು ಕೂತಿರುವ ಅಂಗಡಿ ಮಂಚದಷ್ಟು ಅಗಲ, ಮೊಣಕಾಲು ಕೌಂಟರಿಗೆ ತಾಗುತ್ತದೆ. ಹೊರಗೆ ಮಿರ್ಚಿ ಕರಿಯುವ ಘಾಟು, ಒಳಗೆ ಬಿಡಿಭಾಗ ತೊಳೆಯುವ ಪೆಟ್ರೋಲಿನ ವಾಸನೆ. ಕರವಸ್ತ್ರದ ಗಂಟು ಬಿಚ್ಚಿದ್ದೇ ಅಜ್ಜನ ಟ್ರಂಕಿನ ನುಸಿಗುಳಿಗೆಯೂ ಅದರೊಳಗೆ ಸೇರಿಕೊಳ್ಳುತ್ತದೆ.

ರಿಪೇರಿಯ ಮುದುಕರು ಗಡಿಯಾರ ಮುಟ್ಟುವ ಮೊದಲು ನಿಮ್ಮ ಮುಖ ನೋಡುತ್ತಾರೆ. ‘ಕೀಲಿ ಕೊಟ್ಟೀರೇನ್ರಿ?’

ನಿನ್ನೆ ರಾತ್ರಿ ಕೊಟ್ಟಿದ್ದೀರಿ. ಎರಡು ಸುತ್ತು. ಮೂರನೆಯದಕ್ಕೆ ಒಳಗೆಲ್ಲೋ ಬಿಗಿದು, ಹೆಬ್ಬೆರಳು ತಾನಾಗಿ ನಿಂತಿತು. ಒಪ್ಪಿಕೊಳ್ಳುತ್ತೀರಿ. ‘ಅಷ್ಟಕ್ಕ ಬಿಟ್ರಿ, ಪುಣ್ಯ ಮಾಡಿದ್ರಿ.’ ವರ್ಷಗಟ್ಟಲೆ ನಿಂತ ಗಡಿಯಾರದಲ್ಲಿ ಎಣ್ಣೆ ಗೋಂದಾಗಿ ಧೂಳು ಹಿಡಿದಿರುತ್ತದೆ. ಒತ್ತಾಯದಿಂದ ಓಡಿಸಿದರೆ ಆ ಧೂಳೇ ಚಕ್ರದ ಮೊನೆಗಳನ್ನು ಅರದಂತೆ ತಿನ್ನುತ್ತದೆ.

ಐಗ್ಲಾಸು ಕಣ್ಣಿಗೇರುತ್ತದೆ. ಹಾಲುಬಿಳುಪಿನ ಡಯಲು, ಅದರ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ, ಕೆಳಗೆ ಸಣ್ಣದಾಗಿ ಬಾಂಬೆ, ಕಲ್ಕತ್ತಾ. ಯಂತ್ರ ಸ್ವಿಟ್ಜರ್‌ಲೆಂಡಿನದು. ಆ ಎರಡು ಊರುಗಳ ಅಂಗಡಿ ದಾಟಿ ಇಂಥವು ನಮ್ಮ ರೈಲ್ವೆಗಳಿಗೆ ಬಂದವು. 4ರ ಅಂಕಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು. ನಿಮ್ಮ ಎದೆ ಧಸಕ್ಕೆನ್ನುತ್ತದೆ, ಅವರ ಮುಖ ಅರಳುತ್ತದೆ. ತಾಮ್ರದ ಮೇಲೆ ಬೇಯಿಸಿದ ಎನಾಮೆಲ್ ಹೀಗೆ ಸೀಳುತ್ತದೆ; ಎಂದರೆ ಮುಖ ಹಳೆಯದೇ. ಹೊಸದಾಗಿ ಬಣ್ಣ ಬರೆಸಿದ ಡಯಲುಗಳನ್ನು ಕಂಡೂ ಕಂಡೂ ಇವರಿಗೆ ಹೊಳೆಯುವುದರ ಮೇಲೆಯೇ ಗುಮಾನಿ.

ನೀವು ಮನೆಯ ಕಥೆ ಹೇಳುತ್ತೀರಿ. ಅಜ್ಜ ಗಾರ್ಡು. ನಿವೃತ್ತಿಯ ದಿನ ಮದರಾಸಿನ ಸಾಹೇಬರು ಕೈಯಾರೆ ಕೊಟ್ಟ ಬೆಳ್ಳಿ ಗಡಿಯಾರ.

ಅವರು ಉತ್ತರಿಸುವುದಿಲ್ಲ. ಮೊಂಡು ಅಲಗಿನ ಚಾಕುವನ್ನು ಹಿಂಬದಿಯ ಸಂದಿಗೆ ಇಡುತ್ತಾರೆ. ಉಸಿರು ಹಿಡಿಯುತ್ತೀರಿ. ಮಣಿಕಟ್ಟು ತಿರುಗುತ್ತದೆ. ಬರುವುದಿಲ್ಲ. ಇನ್ನಷ್ಟು ಒತ್ತು. ಅಲಗು ಜಾರುತ್ತದೆ, ಗಡಿಯಾರ ಕೌಂಟರಿನ ಅಂಚಿನತ್ತ ಉರುಳುತ್ತದೆ, ನಿಮ್ಮ ಕೈ ಮುಂದೆ ಹೋಗುತ್ತದೆ, ಅವರ ಅಂಗೈ ಅದಕ್ಕೂ ಮೊದಲು ತಲುಪುತ್ತದೆ. ಬೀಳಲಿಲ್ಲ. ಬಿದ್ದಿದ್ದರೆ ಬ್ಯಾಲೆನ್ಸ್ ಸ್ಟಾಫಿನ, ಅಂದರೆ ತೂಗುವ ಚಕ್ರದ ಅಚ್ಚಿನ, ಕೂದಲಿನಂಥ ತುದಿ ಮುರಿಯುತ್ತಿತ್ತು. ನಿಮ್ಮ ಕಿವಿಯಲ್ಲಿ ನಿಮ್ಮದೇ ನಾಡಿ ಹೊಡೆದುಕೊಳ್ಳುತ್ತಿದೆ.

ಎರಡನೆಯ ಸಲ ಟಕ್ ಎಂದು ತೆರೆದುಕೊಳ್ಳುತ್ತದೆ. ರಬ್ಬರಿನ ಗುಂಡಿನಿಂದ ಒಮ್ಮೆ ಗಾಳಿ ಊದುತ್ತಾರೆ. ಬ್ಯಾಲೆನ್ಸ್ ಚಕ್ರ ಮೈಮುರಿದು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತದೆ, ಏಳೆಂಟು ಟಿಕ್ ಅಂದು ನಿಲ್ಲುತ್ತದೆ. ‘ಜೀವ ಐತಿ.’ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಅಂಕಿಗಳು. ಹಿಂದೆ ಬಿಚ್ಚಿ ತೊಳೆದ ರಿಪೇರಿಯವರು ಬಿಟ್ಟ ಗುರುತುಗಳು. ಅಲ್ಲಿ ಬೆಳ್ಳಿಯ ಮುದ್ರೆ ಮಾತ್ರ ಇಲ್ಲ.

‘ಬೆಳ್ಳಿ ಅಲ್ರೀ. ನಿಕಲ್.’

ಪೇಟೆ ಇದನ್ನು ನಿಕಲ್ ಸಿಲ್ವರ್ ಎಂದು ಕರೆಯುತ್ತದೆ. ತಾಮ್ರ, ಸತು, ನಿಕಲ್ ಬೆರೆತ ಲೋಹ. ಬೆಳ್ಳಿ ಇರುವುದು ಹೆಸರಿನಲ್ಲಷ್ಟೇ. ಮೂರು ತಲೆಮಾರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು!

ಮುಚ್ಚಳ ಮುಚ್ಚಿ ಬೆನ್ನು ತಿರುಗಿಸಿ ಹಿಡಿಯುತ್ತಾರೆ. ಓರೆ ಬೆಳಕಿನಲ್ಲಿ ಕೆತ್ತನೆ ಎದ್ದು ಬರುತ್ತದೆ: ಎಂ ಆಂಡ್ ಎಸ್ ಎಂ, ಅದರಡಿ ಒಂದು ನಂಬರು. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಹುಟ್ಟಿ, 1951ರ ಏಪ್ರಿಲ್ 14ಕ್ಕೆ ದಕ್ಷಿಣ ರೈಲ್ವೆಯೊಳಗೆ ಕರಗಿದ ಹೆಸರು. ಆ 43 ವರ್ಷದೊಳಗೇ ಯಾವಾಗಲೋ ಇದನ್ನು ಕೆತ್ತಿದ್ದು.

‘ಬಹುಮಾನಕ್ಕ ಹೆಸರು ಬರೀತಾರ್ರಿ. ನಂಬರ್ ಹಾಕೂದು ಲೆಕ್ಕಕ್ಕ. ಇದು ಕಂಪನಿ ಮಾಲು. ಡ್ಯೂಟಿ ಮುಗಿದ ಮ್ಯಾಲ ವಾಪಸ್ ಕೊಡಬೇಕಿತ್ತು ಅನಸ್ತದ.’

ಕಿವಿ ಬಿಸಿಯಾಗುತ್ತದೆ. ಪಕ್ಕದ ಸ್ಟೂಲಿನಲ್ಲಿ ಸೆಲ್ಲು ಬದಲಿಸಲು ಕಾಯುತ್ತಿರುವ ಹುಡುಗ ಕೇಳಿಸಿಕೊಂಡನೇ? ಒಂದು ರೂಪಾಯಿ ಹೆಚ್ಚು ಎಣಿಸಿ ಕೊಟ್ಟ ಅಂಗಡಿಯವನ ಬಳಿಗೆ ನಿಮ್ಮನ್ನು ಮರಳಿ ನಡೆಸಿದ್ದ ಅಜ್ಜ.

ಮೂಲೆಯಲ್ಲಿ ಪಾಲಿಶ್ ಚಕ್ರವಿದೆ. ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದಿರಿ: ಫಳಫಳ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿಡಬೇಕು. ಸವೆದ ಕೆತ್ತನೆ, ಹತ್ತು ನಿಮಿಷ ಉಜ್ಜಿದರೆ ನಂಬರೂ ಇಲ್ಲ, ಪ್ರಶ್ನೆಯೂ ಇಲ್ಲ.

‘ಉಜ್ಜಿದ್ರ ಎರಡು ಸಾವಿರ ಕೊಡ್ತೇನಿ. ಹಿಂಗ ಬಿಟ್ರ ಆರು. ಕೂಡಿಸಿ ಇಡೋರಿಗೆ ಈ ನಂಬರೇ ಬೇಕು.’

ಕೊಳ್ಳುವವನೇ ಆರು ಎಂದರೆ ಹೊರಗೆ ಅದಕ್ಕಿಂತ ಹೆಚ್ಚೇ ಇದ್ದೀತು, ಅಷ್ಟು ನಿಮಗೂ ಗೊತ್ತು. ಆದರೆ ಈಗ ಹೊಟ್ಟೆಯೊಳಗೆ ತಿರುಚುತ್ತಿರುವುದು ಆ ಲೆಕ್ಕವಲ್ಲ. ಗಡಿಯಾರವನ್ನು ಕೈಗೆ ತೆಗೆದುಕೊಳ್ಳುತ್ತೀರಿ. ನಿಕಲ್ ಆಗಲೇ ಮೈಬಿಸಿಯಷ್ಟು ಬೆಚ್ಚಗಾಗಿದೆ. ನಂಬರಿನ ಮೇಲೆ ಹೆಬ್ಬೆರಳಾಡಿಸಿದರೆ ಮೊದಲೆರಡು ಅಂಕಿ ಹರಿತ, ಕೊನೆಯದು ನುಣ್ಣಗೆ. ಕಿಸೆಯಿಂದ ತೆಗೆಯುವಾಗ ಅಜ್ಜನ ಹೆಬ್ಬೆರಳೂ ಇಲ್ಲೇ ಒರಗುತ್ತಿತ್ತೋ ಏನೋ.

‘ಒಳಗೆ ತೊಳೆದು ಎಣ್ಣೆ ಹಾಕಿ. ಬೆನ್ನು ಮುಟ್ಟಬೇಡಿ.’

ಅವರು ಚೀಟಿಯ ಮೇಲೆ ಆ ನಂಬರನ್ನೇ ಬರೆದುಕೊಳ್ಳುತ್ತಾರೆ. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತದೆ. ಅಮ್ಮ.

‘ಏನಂದ್ರೋ? ಬೆಳ್ಳಿದೇ ಹೌದಲ್ಲ?’