ಹಿಂದಿನ ವಚನವನ್ನೂ ಓದಿ

ಯಾವ ಸುದ್ದಿಯನ್ನೂ ಹಿಂದೆ ಮುಂದೆ ನೋಡದೆ ಕಳಿಸಬಾರದು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ಹಲಗೇರಿಯ ನಮ್ಮ ಮನೆಯಲ್ಲಿ ಸತ್ಯವೇದ ಓದೋಕೂ ಅದೇ ಪಾಠ ಬೇಕಾಯಿತು.

ಕಳೆದ ವರ್ಷ ಅವ್ವನ ವಾಟ್ಸಾಪಿಗೆ ಯೆರೆಮೀಯ 29ನೇ ಅಧ್ಯಾಯದ 11ನೇ ವಚನ ಬಂತು. ದೇವರು ನಮಗೆ ಒಳ್ಳೆಯದನ್ನೇ ಯೋಚಿಸಿದ್ದಾನೆ ಎಂಬ ವಾಗ್ದಾನ ಅದು. ಕೆಳಗೆ, ‘ಈ ತಿಂಗಳೇ ಸಾಲ ತೀರುತ್ತದೆ, ಕಾಣಿಕೆ ಕಳಿಸಿ’ ಅಂತ ಒಂದು ನಂಬರು. ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಅವ್ವ 5,000 ರೂಪಾಯಿ ತೆಗೆದಿಟ್ಟಿದ್ದಳು.

“ಕಳಸಾಕ ಮೊದ್ಲು ಅಧ್ಯಾಯ ಪೂರಾ ಓದೂಣು ಬಾ ಅವ್ವಾ,” ಅಂದೆ.

ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರ. ಬಿಡುಗಡೆಗೆ 70 ವರ್ಷ ಎಂದು 10ನೇ ವಚನದಲ್ಲಿದೆ. ನಿಮ್ಮ ನಡುವಿನ ಪ್ರವಾದಿಗಳಿಂದ ಮೋಸಹೋಗಬೇಡಿ ಎಂಬ ಎಚ್ಚರಿಕೆ 8ರಲ್ಲೇ ಇದೆ.

“ಎಪ್ಪತ್ತು ವರ್ಷ ಅಂದಾನ ದೇವರು, ಈ ತಿಂಗಳು ಅಂದಿಲ್ಲ,” ಅಂದಳು ಅವ್ವ. ಆ ದುಡ್ಡು ಸೊಸೈಟಿ ಸಾಲಕ್ಕೆ ಹೋಯಿತು.

ಬೆರೋಯದ ಜನ ಪೌಲನ ಮಾತನ್ನೂ ದಿನಾ ಶಾಸ್ತ್ರ ತೆಗೆದು ತಾಳೆ ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳು 17ರಲ್ಲಿ ಅದಕ್ಕೆ ಅವರಿಗೆ ಹೊಗಳಿಕೆಯೇ ಸಿಕ್ಕಿದೆ. ಪರೀಕ್ಷಿಸಿ ನೋಡುವುದು ಅಪನಂಬಿಕೆ ಅಲ್ಲ. ನಿಮ್ಮ ಫೋನಿಗೂ ಒಂದೇ ವಚನ ಬಂದರೆ, ಅದರ ಹಿಂದಿನ ಹತ್ತು, ಮುಂದಿನ ಹತ್ತು ಓದಿ ನೋಡಿ.